ಪೀಪಾಯಿ ಹಬ್ಬಕ್ಕೆ ಹೋದದ್ದು

ನಮ್ಮಪ್ಪ ಹಳೇ ಡ್ರಮ್ಮುಗಳ ವ್ಯಾಪಾರ ಮಾಡುತ್ತಾನೆ. ವ್ಯಾಪಾರ ಅಂದರೆ ದೊಡ್ಡ ಮಾತಾಯಿತು. ಕಾರ್ಖಾನೆಗಳು ಬಳಸಿ ಬಿಸಾಕಿದ 200 ಲೀಟರಿನ ನೀಲಿ ಡ್ರಮ್ಮುಗಳನ್ನು ಗುಜರಿಯಿಂದ ತಂದು, ಕೆ.ಆರ್. ಪುರದ ನಮ್ಮ ಮನೆ ಮುಂದಿನ ಮೋರಿ ಪಕ್ಕ ಸೋಪಿನ ಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಟ್ಯಾಂಕರ್ ನೀರು ತುಂಬಿಕೊಳ್ಳುವ ಜನಕ್ಕೆ ಮಾರುತ್ತಾನೆ. ತಿಕ್ಕುವ ಮೊದಲು ಅವನದೊಂದು ಕೆಲಸ ಉಂಟು. ಮುಚ್ಚಳ ಬಿಚ್ಚಿ ಮೂಗು ಇಟ್ಟು ಮೂಸುತ್ತಾನೆ. ಎಣ್ಣೆಯದಾ, ಬಣ್ಣದ್ದಾ, ಆಸಿಡ್ಡಿನದಾ, ಸೋಪಿನದಾ ಎಂದು ಹೇಳಿಬಿಡುತ್ತಾನೆ. ಆಸಿಡ್ಡಿನದನ್ನೂ ತರುತ್ತಾನೆ, ಮೋರಿ ಕಸ ಹಾಕಲು ಯಾರಿಗಾದರೂ ಬೇಕಾಗುತ್ತದೆ. ಸ್ಪಿರಿಟ್ಟಿನ ವಾಸನೆ ಬಂದದ್ದನ್ನು ಮಾತ್ರ ಮುಟ್ಟುವುದಿಲ್ಲ. ದುಡ್ಡು ಕೊಟ್ಟಾಗಿದ್ದರೂ ಅಲ್ಲೇ ಬಿಟ್ಟು ಬರುತ್ತಾನೆ.

"ತೊಳೆದ್ರೆ ಹೋಗಲ್ವೇನಪ್ಪ?" ಅಂತ ಒಂದು ಸಲ ಕೇಳಿದೆ.

"ಡ್ರಮ್ಮಿಗೆ ನೆನಪಿರ್ತದೆ ಕಣ್ಲಾ. ನೀನು ತೊಳೆದೆ ಅಂತ ಅದು ಮರೆಯಲ್ಲ."

ಈ ಮಾತನ್ನು ಕದ್ದು ನಾನೊಂದು ಪದ್ಯ ಬರೆದೆ. ಪದ್ಯ ಚೆನ್ನಾಗಿಲ್ಲ. ಅಪ್ಪನ ಮಾತೇ ಚೆನ್ನಾಗಿದೆ. ಅದು ಇರಲಿ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕನ್ನಡ ಮೇಜರು. ಅದನ್ನು ಓದಿದವನಿಗೆ ಬೆಂಗಳೂರಲ್ಲಿ ಯಾವ ಕೆಲಸ ಸಿಗುತ್ತದೆ ಅಂತ ನಿಮಗೆ ಗೊತ್ತು. ಜಾಹೀರಾತಿನ ಒಂದು ಸಣ್ಣ ಆಫೀಸಿನಲ್ಲಿ ಅನುವಾದ ಮಾಡಿಕೊಂಡಿದ್ದೇನೆ. ಆದರೆ 2024ರಲ್ಲಿ ನಮಗೂ ಒಂದು ಸುಗ್ಗಿ ಬಂತು. ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60 ಭಾಗ ಕನ್ನಡ ಇರಲೇಬೇಕು ಅಂತ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದಿತು. ಎಂ.ಜಿ. ರೋಡಿನಿಂದ ವೈಟ್‌ಫೀಲ್ಡಿನವರೆಗೆ ಅಂಗಡಿಯವರೆಲ್ಲ ಕನ್ನಡ ಬಲ್ಲವರನ್ನು ಹುಡುಕತೊಡಗಿದರು. ಪದಕ್ಕೆ ಇಷ್ಟು ಅಂತ ರೇಟು. ಹಾಗೆ ನವೆಂಬರಿನಲ್ಲಿ, ರಾಜ್ಯೋತ್ಸವದ ಬಾವುಟಗಳು ಇನ್ನೂ ಹಾರುತ್ತಿದ್ದಾಗ, ಇಂದಿರಾನಗರದ ಒಂದು ಬಿಯರ್ ಮನೆಯವರು ನಮ್ಮ ಆಫೀಸಿಗೆ ಫೋನು ಮಾಡಿದರು. ಅದರ ಹೆಸರು ಇಲ್ಲಿ ಬೇಡ. ಅವರ ಹತ್ತಿರ ನನ್ನ ಬಾಕಿ ಇನ್ನೂ ಇದೆ.

ಅಲ್ಲಿ ಒಂದು ಹಬ್ಬ. ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸಿದ ಬಿಯರುಗಳ ಹಬ್ಬ. ಒಂದು ಸಂಜೆ, ಏಳೆಂಟು ಬಗೆ, ಬಾಗಿಲಲ್ಲಿ ದೊಡ್ಡ ಫಲಕ. ಇಂಗ್ಲಿಷಿನಲ್ಲಿ ಬ್ಯಾರೆಲ್ ಏಜ್ಡ್ ಅಂತ ಇದ್ದುದನ್ನು ಅಲ್ಲಿನ ಹುಡುಗರು ಕಂಪ್ಯೂಟರಿಗೆ ಹಾಕಿ ಕನ್ನಡ ಮಾಡಿದ್ದರು: "ಬ್ಯಾರೆಲ್ ವಯಸ್ಸಾದ ಬಿಯರ್." ನೋಡಿ ನಕ್ಕೆ. ಆಮೇಲೆ ನಾನೇ ಕೂತು ಬರೆಯಲು ಹೋದರೆ ಗಂಟಲಲ್ಲಿ ಸಿಕ್ಕಿಕೊಂಡಿತು. ಪಕ್ವಗೊಂಡ? ಪರಿಪಕ್ವ? ಇವು ಪಾಠಪುಸ್ತಕದ ಮಾತುಗಳು. ಇಂಥ ಹೊತ್ತಲ್ಲಿ ನಾನು ನಿಘಂಟು ತೆಗೆಯುವುದಿಲ್ಲ, ಅಜ್ಜಿಯನ್ನು ಕೇಳುತ್ತೇನೆ.

"ಅಜ್ಜಿ, ಹೆಂಡಾನ ಮಡಕೇಲಿ ನಾಕು ದಿನ ಇಟ್ಟರೆ ಏನಂತಾರೆ?"

"ಹುಳೀತು ಅಂತಾರೆ."

"ತಿಂಗಳು ಇಟ್ಟರೆ?"

"ಯಾರಿಟ್ಟಾರು ತಿಂಗಳು? ಸಂಜೀಗಂಟ ಉಳಿದ್ರೆ ಹೆಚ್ಚು." ಅಷ್ಟು ಹೇಳಿ ಮುಖ ಗಂಟಿಕ್ಕಿದಳು. "ನಿಂಗ್ಯಾಕೆ ಅದು?"

ಬೋರ್ಡಿಗೆ ಅಂದೆ. ಬಾಯಿ ಮುಚ್ಚಿಕೊಂಡಳು. ನಾನು ಕೊನೆಗೆ "ಪೀಪಾಯಿಯಲ್ಲಿ ಮಾಗಿದ ಹೆಂಡ" ಅಂತ ಬರೆದು ಕಳಿಸಿದೆ. ಮಾಗು ಅನ್ನುವುದು ಹಣ್ಣಿಗೂ ಆಗುತ್ತದೆ, ಚಳಿಗಾಲಕ್ಕೂ ಆಗುತ್ತದೆ, ಮನುಷ್ಯನಿಗೂ ಆಗುತ್ತದೆ. ಮ್ಯಾನೇಜರು ಫೋನು ಮಾಡಿದ. ಕನ್ನಡದವನೇ, ಹಾಸನದ ಕಡೆಯವನು. "ಸಾರ್, ಮಾಗಿದ ಸೂಪರ್. ಆದ್ರೆ ಹೆಂಡ ಅಂತ ಹಾಕ್ಬೇಡಿ ಸಾರ್, ಕಳಪೆ ಅನ್ಸುತ್ತೆ. ಬಿಯರ್ ಅಂತಾನೇ ಇರ್ಲಿ." ಇರಲಿ ಅಂದೆ. ನಮ್ಮ ಕೇರಿಯ ಪದ ಹೋಯಿತು, ಅವರ ಗ್ಲಾಸು ಉಳಿಯಿತು. ಕೂಲಿಯ ಒಂದು ಭಾಗಕ್ಕೆ ಬದಲಾಗಿ ಹಬ್ಬಕ್ಕೆ ಒಂದು ಪಾಸು ಕೊಟ್ಟರು. ಅದರ ಬೆಲೆ ನೋಡಿದೆ. ನಮ್ಮಪ್ಪ ಐದು ಡ್ರಮ್ಮು ಮಾರಿದರೂ ಅಷ್ಟು ಮಿಗುವುದಿಲ್ಲ.

ಹೋಗಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಯಾಕೆ ಅಂತ ಹೇಳಬೇಕಾದರೆ 1981ಕ್ಕೆ ಹೋಗಬೇಕು.

ಆಗ ನಮ್ಮವರು ಇದ್ದದ್ದು ಹಲಸೂರಿನಲ್ಲಿ, ಕೆರೆ ಕಡೆಯ ಒಂದು ಕೇರಿಯಲ್ಲಿ. 1809ರಲ್ಲಿ ದಂಡು ಬಂದು ಇಳಿದ ಜಾಗ ಅದು. ದಂಡಿಗೆ ಸಾಮಾನು ಹೊರುವವರು, ಕಕ್ಕಸು ತೊಳೆಯುವವರು, ಕುದುರೆ ತಿಕ್ಕುವವರು, ಚಪ್ಪಲಿ ಹೊಲಿಯುವವರು ಬೇಕಲ್ಲ. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಹೊಸಕೋಟೆ ಕೋಲಾರದ ಕಡೆಯಿಂದ ನಮ್ಮಂಥವರು ಬಂದು ತುಂಬಿಕೊಂಡರು. ಊರಿನ ಗೌಡನ ಜೀತಕ್ಕಿಂತ ದೊರೆಯ ಚಾಕರಿ ವಾಸಿ ಅಂತ ಬಂದವರು. ನಮ್ಮ ತಾತ ಹೊರೆ ಹೊರುವ ಕೂಲಿ. ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ, ಸಂಜೆ ಒಂದು ಗ್ಲಾಸು ಸಾರಾಯಿ ಹಾಕಿ, ಹಲಸೂರಿಗೆ ನಡೆದು ಬರುತ್ತಿದ್ದನಂತೆ. 1981ರ ಜುಲೈಯಲ್ಲಿ ಒಂದು ಸಂಜೆ ಬಂದವನು ರಾತ್ರಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ. ಬೆಳಗಿನ ಜಾವ ಎದ್ದು ಅಜ್ಜಿಯನ್ನು, "ದೀಪ ಯಾಕೆ ಹಚ್ಚಿಲ್ಲ?" ಅಂತ ಕೇಳಿದ. ದೀಪ ಉರಿಯುತ್ತಿತ್ತು.

ಆ ಸಲ ಬೆಂಗಳೂರಿನಲ್ಲಿ ಹಾಗೆ ಸತ್ತವರು 300ಕ್ಕೂ ಹೆಚ್ಚು. ಸಾರಾಯಿಗೆ ಮೀಥೈಲ್ ಆಲ್ಕೊಹಾಲ್ ಬೆರೆತಿತ್ತು. ಬಣ್ಣ, ವಾರ್ನಿಷ್ ಕಾರ್ಖಾನೆಗೆ ಹೋಗಬೇಕಾದ ಸ್ಪಿರಿಟ್ಟು ಅದು. ಕಣ್ಣಿಗೆ ನೋಡಿದರೆ, ನಾಲಿಗೆಗೆ ಇಟ್ಟರೆ, ಒಳ್ಳೆಯದಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಹೊಟ್ಟೆಗೆ ಹೋದ ಮೇಲೆ ಈಲಿ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ. ಆ ಆಮ್ಲ ಮೊದಲು ಹಿಡಿಯುವುದು ಕಣ್ಣಿನ ನರವನ್ನು. ನಾನು ದೊಡ್ಡವನಾದ ಮೇಲೆ ಓದಿ ತಿಳಿದ ಇನ್ನೊಂದು ಸಂಗತಿ ಇದೆ, ಅಜ್ಜಿಗೆ ಇವತ್ತಿನವರೆಗೂ ಹೇಳಿಲ್ಲ. ಅದಕ್ಕೆ ಡಾಕ್ಟರುಗಳು ಕೊಡುವ ಮದ್ದುಗಳಲ್ಲಿ ಒಂದು ಎಥೈಲ್ ಆಲ್ಕೊಹಾಲ್. ಅಂದರೆ ಒಳ್ಳೆಯ ಮದ್ಯ. ಈಲಿ ಒಳ್ಳೆಯದನ್ನು ಅರಗಿಸುತ್ತಾ ಕೂತರೆ ಕೆಟ್ಟದ್ದು ವಿಷವಾಗದೆ ಮೆಲ್ಲಗೆ ಆಚೆ ಹೋಗುತ್ತದೆ. ದಂಡಿನ ಆಫೀಸರರ ಬೀರುವಿನಲ್ಲಿದ್ದ ಬಾಟಲಿ ನಮ್ಮ ತಾತನಿಗೆ ಔಷಧಿಯಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೆ.

ಅಜ್ಜಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಪ್ಪನಿಗೆ ಐದು. ಆ ವರ್ಷದಿಂದ ಅವಳು ಮುನೇಶ್ವರನಿಗೂ ಸಾರಾಯಿ ನಿಲ್ಲಿಸಿದಳು. ಚುಟ್ಟ ಇಡುತ್ತಾಳೆ, ಕೋಳಿ ಕುಯ್ಯುತ್ತಾಳೆ, ಬಾಟಲಿ ಇಡುವ ಜಾಗದಲ್ಲಿ ಗೋಲಿ ಸೋಡಾ ಇಡುತ್ತಾಳೆ. "ಅವನಿಗೇ ಸಾರಾಯಿ ಬೇಕಿದ್ರೆ ನನ್ನ ಗಂಡನ್ನ ಉಳಿಸ್ಕೋಬೇಕಿತ್ತು" ಅಂತಾಳೆ. ಮುನೇಶ್ವರ ಸುಮ್ಮನಿದ್ದಾನೆ. ನಮ್ಮಪ್ಪ ಸುಮ್ಮನಿರಲಿಲ್ಲ. ಬೆಳೆದು ಕೂಲಿಗೆ ನಿಂತ ಮೇಲೆ ಅವನೂ ಪ್ಯಾಕೆಟ್ ಸಾರಾಯಿ ಹಲ್ಲಲ್ಲಿ ಕಚ್ಚಿ ಕುಡಿದವನೇ. ದಿನಕ್ಕೆ ಮುನ್ನೂರು ಮೂಟೆ ಬೆನ್ನ ಮೇಲೆ ಹಾದುಹೋದವನಿಗೆ ನೀತಿ ಹೇಳಲು ನನಗೆ ಬಾಯಿಲ್ಲ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಷೇಧ ಮಾಡಿತು. ಮುಂದಿನ ಮೇ ತಿಂಗಳಲ್ಲೇ ಬೆಂಗಳೂರಿನ ಸುತ್ತ, ಕೋಲಾರದ ಕಡೆ, ಗಡಿಯಾಚೆ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ಮತ್ತೆ 150ಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಅದೇ ಮೀಥೈಲು. ಆ ವಾರ ಅಪ್ಪ ಬಿಟ್ಟ. ಇವತ್ತಿಗೂ ಮುಟ್ಟಿಲ್ಲ. ದಲಿತ ಸಂಘರ್ಷ ಸಮಿತಿಯವರು ಸಾರಾಯಿ ಬೇಡ, ವಸತಿ ಶಾಲೆ ಬೇಕು ಅಂತ ಊರೂರಲ್ಲಿ ಕೂಗಿದ್ದರಲ್ಲ, ಅಂಥ ಒಂದು ವಸತಿ ಶಾಲೆಯಲ್ಲೇ ನಾನು ಓದಿದ್ದು. ಆ ಕೂಗಿನ ಅನ್ನ ಉಂಡವನು ನಾನು. ನಾನು ಪಾಸು ಜೇಬಲ್ಲಿಟ್ಟುಕೊಂಡು ಬಿಯರ್ ಹಬ್ಬಕ್ಕೆ ಹೋಗುವುದೇ?

ಹೋದೆ. ನಾನು ಬರೆದ ಬೋರ್ಡು ನೋಡಲು ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಹೋದೆ.

ಕೃಷ್ಣರಾಜಪುರದಲ್ಲಿ ಮೆಟ್ರೋ ಹತ್ತಿದರೆ ಇಂದಿರಾನಗರ ನಾಲ್ಕನೇ ಸ್ಟೇಷನ್ನು. 2023ಕ್ಕೆ ಮೊದಲು ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೇಯುತ್ತಿದ್ದೆವು. ನೂರಡಿ ರಸ್ತೆ ಈಗ ರಸ್ತೆಯಲ್ಲ, ದೀಪದ ಜಾತ್ರೆ. ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ ಅಂತ ಇದ್ದ ಊರುಗಳ ಹೊಲಗದ್ದೆಯ ಮೇಲೆ ಬಂದ ಬಡಾವಣೆ ಇದು. ಆ ಹೊಲಗಳಲ್ಲಿ ರಾಗಿ ಕೊಯ್ಯಲು ಕೂಲಿಗೆ ಬರುತ್ತಿದ್ದೆವು ಅಂತ ಅಜ್ಜಿ ಹೇಳುತ್ತಾಳೆ. ಇಲ್ಲಿ ಟಾಯಿಟ್ ಅನ್ನುವ ಬಿಯರ್ ಮನೆ 2010ರಲ್ಲಿ ಬಾಗಿಲು ತೆರೆಯಿತು. ಆಮೇಲೆ ಒಂದರ ಹಿಂದೆ ಒಂದು. ನಾನು ಹೋದದ್ದು ಅಲ್ಲಿಗಲ್ಲ, ಇನ್ನೊಂದಕ್ಕೆ.

ಬಾಗಿಲಲ್ಲಿ ನನ್ನ ಅಕ್ಷರ. "ಪೀಪಾಯಿಯಲ್ಲಿ ಮಾಗಿದ ಬಿಯರ್." ಹೊಳೆಯುವ ಹಿತ್ತಾಳೆ ಬಣ್ಣದಲ್ಲಿ. ಅದರ ಕೆಳಗೆ ನಿಂತಿದ್ದ ಸೆಕ್ಯೂರಿಟಿ ಅಣ್ಣ ನನ್ನ ಚಪ್ಪಲಿ ನೋಡಿ, "ಪಾಸು ಇದಿಯಾ?" ಅಂತ ಏಕವಚನದಲ್ಲಿ ಕೇಳಿದ. ಬೋರ್ಡು ಬರೆದವನು ನಾನೇ ಕಣಣ್ಣ ಅಂದೆ. ನಂಬಲಿಲ್ಲ. ಪಾಸನ್ನು ನಂಬಿದ.

ಒಳಗೆ ಗೋಡೆ ಉದ್ದಕ್ಕೂ ಪೀಪಾಯಿಗಳು. ಮಲಗಿಸಿದ ಹಸುಗಳ ಹಾಗೆ ಹೊಟ್ಟೆ ಉಬ್ಬಿಸಿಕೊಂಡು. ಬಿಯರ್ ಮಾಡುವ ಹುಡುಗ ಒಬ್ಬ ಸುತ್ತ ಜನರನ್ನು ಸೇರಿಸಿಕೊಂಡು ವಿವರಿಸುತ್ತಿದ್ದ. ಅವನ ಬಗ್ಗೆ ನನಗೆ ಗೌರವ ಬಂತು, ತನ್ನ ಕಸುಬು ಗೊತ್ತಿದ್ದವನು. ಅಮೆರಿಕದ ಬಿಳಿ ಓಕ್ ಮರದ ಹಲಗೆಗಳನ್ನು ಬಗ್ಗಿಸಿ, ಕಬ್ಬಿಣದ ಪಟ್ಟಿ ಹೊಡೆದು, ಒಳಗೆ ಬೆಂಕಿ ಹಾಕಿ ಕರಕಲು ಮಾಡುತ್ತಾರಂತೆ. ಅಂಟೂ ಇಲ್ಲ, ಮೊಳೆಯೂ ಇಲ್ಲ. ಅಮೆರಿಕದ ಬೂರ್ಬನ್ ವಿಸ್ಕಿಯನ್ನು ಹೊಸ ಪೀಪಾಯಿಯಲ್ಲೇ ಇಡಬೇಕು ಅಂತ ಅಲ್ಲಿ ಕಾನೂನು. ಹಾಗಾಗಿ ಒಂದು ಸಲ ಬಳಸಿದ ಪೀಪಾಯಿ ಅವರಿಗೆ ಗುಜರಿ. ಆ ಗುಜರಿ ಸ್ಕಾಟ್ಲೆಂಡಿಗೆ ಹೋಗುತ್ತದೆ, ನಮ್ಮ ಮೈಸೂರು ರಸ್ತೆಯ ಅಮೃತ್ ಕಾರ್ಖಾನೆಗೂ ಬರುತ್ತದೆ. ಅದೇ ಅಮೃತ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಚ್ ವಿಸ್ಕಿಯ ಮನೆಯಂಗಳವಾದ ಗ್ಲಾಸ್ಗೋ ಊರಿನಲ್ಲೇ ಬಿಡುಗಡೆ ಮಾಡಿತು. ಹೀಗೆ ವಿಸ್ಕಿ ಕುಡಿದ ಪೀಪಾಯಿಗೆ ಕಪ್ಪು ಬಿಯರು ತುಂಬಿ ತಿಂಗಳುಗಟ್ಟಲೆ ಇಟ್ಟರೆ, ಮರದೊಳಗೆ ಇಂಗಿದ್ದ ವಿಸ್ಕಿ, ಹೊಗೆ, ವೆನಿಲಾ, ಕೊಬ್ಬರಿಯಂಥ ವಾಸನೆ ಎಲ್ಲವೂ ಬಿಯರಿಗೆ ಇಳಿಯುತ್ತದೆ. ಈ ಚಾಳಿ ಹುಟ್ಟಿದ್ದು 1990ರ ದಶಕದಲ್ಲಿ, ಶಿಕಾಗೋದ ಗೂಸ್ ಐಲೆಂಡ್ ಅನ್ನುವಲ್ಲಿ ಅಂದ.

"ಎಷ್ಟು ಲೀಟರ್ ಹಿಡಿಸುತ್ತೆ?" ಅಂತ ಕೇಳಿದೆ.

"ಸುಮಾರು 200."

ನಮ್ಮ ಡ್ರಮ್ಮಿನಷ್ಟೇ.

ಆಗಲೇ ನನಗೆ ಅಪ್ಪನ ಮಾತು ನೆನಪಾದದ್ದು. ಒಂದೇ ವಿದ್ಯೆ. ಪಾತ್ರೆಗೆ ನೆನಪಿರುತ್ತದೆ ಅನ್ನುವ ವಿದ್ಯೆ. ಇಂದಿರಾನಗರದಲ್ಲಿ ಆ ನೆನಪು ಗ್ಲಾಸಿಗೆ 600 ರೂಪಾಯಿ. ಕೆ.ಆರ್. ಪುರದಲ್ಲಿ ಅದೇ ನೆನಪಿಗೆ ಹೆದರಿ ನಮ್ಮಪ್ಪ ದುಡ್ಡು ಬಿಟ್ಟು ಬರುತ್ತಾನೆ.

ಹುಡುಗ ಇನ್ನೊಂದು ಹೇಳಿದ. ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷ ವರ್ಷ ಆವಿಯಾಗಿ ಹೋಗುತ್ತದೆ. ಅದಕ್ಕೆ ದೇವದೂತರ ಪಾಲು ಅನ್ನುತ್ತಾರೆ. ತಣ್ಣಗಿನ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡಾ 2ರಷ್ಟು, ಬೆಂಗಳೂರಿನ ಬಿಸಿಲಿಗೆ 10ರಿಂದ 12. ಎಲ್ಲರೂ ನಕ್ಕರು. ನಾನು ಮುನೇಶ್ವರನ ಗೋಲಿ ಸೋಡಾ ನೆನೆದೆ.

ನನ್ನ ಮೇಜಿಗೆ ಒಬ್ಬ ಬಂದು ಕೂತ. ನನ್ನ ವಯಸ್ಸೇ, ಕಂಪನಿ ಕೆಲಸ, ಒಳ್ಳೆಯ ಹುಡುಗನೇ. ತಮ್ಮ ಮನೆತನ, ಅಗ್ರಹಾರ, ವೇದ ಓದಿದ ತಾತ, ಎಲ್ಲ ಹೇಳಿದ. "ನಮ್ಮ ಮನೇಲಿ ಕುಡಿದವನು ನಾನೇ ಮೊದಲು" ಅಂತ ಎದೆ ಉಬ್ಬಿಸಿದ. ನಮ್ಮ ಮನೇಲಿ ಡಿಗ್ರಿ ಮಾಡಿದವನು ನಾನೇ ಮೊದಲು ಅಂದೆ. ಇಬ್ಬರೂ ಗ್ಲಾಸು ತಾಗಿಸಿದೆವು. ಅವನು ಕುಡಿದರೆ ಅದು ಕಟ್ಟಳೆ ಮುರಿದ ಕ್ರಾಂತಿ. ನಮ್ಮವರು ಕುಡಿದರೆ ಜಾತಿಬುದ್ಧಿ. ಕನ್ನಡದ ಅತಿ ದೊಡ್ಡ ಕುಡುಕನನ್ನು, ಅದೇ ಹೆಂಡಗುಡುಕ ರತ್ನನನ್ನು, ಹುಟ್ಟಿಸಿದ ಜಿ.ಪಿ. ರಾಜರತ್ನಂ ಹೆಂಡ ಮುಟ್ಟದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಜೀವವಿರುವ ಮಾತು ನಮ್ಮ ಎಷ್ಟೋ ಪದ್ಯಗಳಲ್ಲಿ ಇಲ್ಲ. ಆದರೆ ಜುಲೈ ತಿಂಗಳ ಆ ಬೆಳಗಿನ ಜಾವ ರತ್ನನಿಗೆ ಬರಲಿಲ್ಲ.

ಕುಡಿದೆ. ಕಪ್ಪಗಿತ್ತು, ರಾಗಿ ಅಂಬಲಿಯಷ್ಟು ದಪ್ಪ. ಮೊದಲು ಸುಟ್ಟ ಬೆಲ್ಲ, ಆಮೇಲೆ ಕಾಫಿ, ಕೊನೆಗೆ ಎಲ್ಲೋ ಹಿಂದೆ ಮಳೆಗಾಲದ ಸೌದೆ ಒಲೆ. ಚೆನ್ನಾಗಿರಬಾರದು ಅಂತ ನಾನು ಆಸೆಪಟ್ಟಿದ್ದೆ. ಚೆನ್ನಾಗಿತ್ತು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ ಗೆಳೆಯರೇ, ಆದರೂ ಬರೆಯುತ್ತೇನೆ. ಇಷ್ಟು ಜೋಪಾನವಾಗಿ, ಇಷ್ಟು ಸಾವಧಾನವಾಗಿ, ವಿಷವಿಲ್ಲದೆ ಮಾಡಿದ ಒಂದು ಗ್ಲಾಸು ನಮ್ಮ ತಾತನಿಗೆ ಅವನ ಜನ್ಮದಲ್ಲಿ ಒಂದು ಸಂಜೆಯೂ ಸಿಗಲಿಲ್ಲ.

ಗ್ಲಾಸು ಕೆಳಗಿಟ್ಟು ಯೋಚಿಸಿದರೆ ಈ ಪೀಪಾಯಿ ನಮ್ಮ ಕಂಟೋನ್ಮೆಂಟಿಗೆ ಹೊಸದೂ ಅಲ್ಲ. ಇಂಡಿಯಾ ಪೇಲ್ ಏಲ್ ಅಂತ ಈಗ ಎಲ್ಲ ಬಿಯರ್ ಮನೆಗಳಲ್ಲೂ ಮಾರುವ ಕಹಿ ಬಿಯರಿನ ಮೂಲ, 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್ ಕಂಪನಿಯಂಥವರು ಪೀಪಾಯಿ ತುಂಬಿ ಹಡಗಿಗೆ ಹಾಕಿ ಇಲ್ಲಿಗೆ ಕಳಿಸಿದ್ದು. ತಿಂಗಳುಗಟ್ಟಲೆ ಸಮುದ್ರದಲ್ಲಿ ಕುಲುಕಿ ಕುಲುಕಿ ಅದು ಮಾಗುತ್ತಿತ್ತು. ಆಫೀಸರಿಗೆ ಅದು, ಬಿಳಿ ಸಿಪಾಯಿಗೆ ಪೋರ್ಟರು, ಇಲ್ಲದಿದ್ದರೆ ಸಾರಾಯಿ. ಆಮೇಲೆ ಇಲ್ಲೇ ಬೇಯಿಸತೊಡಗಿದರು. 1885ರಲ್ಲಿ ಬೆಂಗಳೂರು ಬ್ರೂವರಿ ಬಂತು. 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನುವವನು ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ ಸಿಪಾಯಿಗಳಿಗೆ ಬಿಯರು ಹೋಗುತ್ತಿದ್ದದ್ದು ಹಾಗ್ಸ್‌ಹೆಡ್ ಅನ್ನುವ ದೈತ್ಯ ಪೀಪಾಯಿಗಳಲ್ಲಿ. ಒಂದೊಂದು ಸುಮಾರು 245 ಲೀಟರ್. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಆ ಹಳೇ ಬ್ರೂವರಿ ಇದ್ದ ಜಾಗದಲ್ಲೇ ಈಗ ಯುಬಿ ಸಿಟಿ ನಿಂತಿದೆ, ರಸ್ತೆಗೆ ಅವರದೇ ಹೆಸರು. ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತದೆ. 245 ಲೀಟರ್ ತುಂಬಿದ ಪೀಪಾಯಿಯನ್ನು ಗಾಡಿಗೆ ಏರಿಸಿದ ಬೆನ್ನು ಯಾರದು ಅನ್ನುವುದು ಮಾತ್ರ ನಾನು ನೋಡಿದ ಯಾವ ಪುಟದಲ್ಲೂ ಇಲ್ಲ. ಹಲಸೂರಿನ ಕೇರಿಗಳಲ್ಲಿ ಕೇಳಿದ್ದರೆ ಹೇಳುತ್ತಿದ್ದರೇನೋ. ಕೇಳಬೇಕಾದ ಕಾಲದಲ್ಲಿ ನಾವು ಯಾರೂ ಅಕ್ಷರ ಕಲಿತಿರಲಿಲ್ಲ.

ಹೊರಡುವಾಗ ಬಿಯರ್ ಮಾಡುವ ಹುಡುಗನಿಗೆ ನಮ್ಮಪ್ಪನ ಮೂಗಿನ ವಿಷಯ ಹೇಳಿದೆ. ಅವನು ನಗಲಿಲ್ಲ. "ಒಂದು ಪೀಪಾಯಿ ಸೋರ್ತಾ ಇದೆ, ಎಸೀತೀವಿ. ಬೇಕಾದ್ರೆ ತಗೊಂಡು ಹೋಗ್ಲಿ ಅಂಕಲ್" ಅಂದ.

ಭಾನುವಾರ ಬೆಳಿಗ್ಗೆ ಅಪ್ಪ ಲಗೇಜ್ ಆಟೋ ತಂದ. ಹಿಂದಿನ ಗೇಟಿನಿಂದ ಬನ್ನಿ ಅಂದರು, ಅಪ್ಪನಿಗೆ ಅದು ಹೊಸದಲ್ಲ. ಪೀಪಾಯಿಯ ಸುತ್ತ ಒಂದು ಸುತ್ತು ಬಂದ. ಕಬ್ಬಿಣದ ಪಟ್ಟಿ ತಟ್ಟಿದ. ನನಗೆ ಎದೆ ಹೊಡೆದುಕೊಂಡಿತು, ಸ್ಪಿರಿಟ್ಟಿನ ವಾಸನೆ ಬಂದರೆ ಬಿಟ್ಟು ಹೋಗುತ್ತಾನೆ ಅಂತ ಗೊತ್ತು. ತೂತಿಗೆ ಮೂಗಿಟ್ಟ. ಕಣ್ಣು ಮುಚ್ಚಿದ. ತುಂಬ ಹೊತ್ತು ಹಾಗೇ ಇದ್ದ.

"ಮೇಲೆ ಕಾಫಿ ಥರದ್ದು," ಅಂದ. "ಅದರ ಕೆಳಗೆ ಬ್ರಾಂದಿ ಥರದ್ದು. ಅದಕ್ಕೂ ಮುಂಚೆ ಒಳಗೆ ಬೆಂಕಿ ಹಾಕವ್ರೆ."

ಬಿಯರ್ ಮಾಡುವ ಹುಡುಗ ಕೈಯಲ್ಲಿದ್ದ ಪೈಪು ಕೆಳಗೆ ಬಿಟ್ಟ. "ಅಂಕಲ್, ಇದಕ್ಕೆ ಅಂತಾನೆ ಕೋರ್ಸ್ ಮಾಡ್ತಾರೆ" ಅಂದ. ಅಪ್ಪನಿಗೆ ಅರ್ಥವಾಗಲಿಲ್ಲ. "ನೀರಿಗೆ ಆಗಲ್ಲ ಇದು, ಗಿರಾಕಿ ಇಲ್ಲ" ಅಂದ. ಆದರೂ ಎತ್ತಿ ಆಟೋಗೆ ಹಾಕಿಕೊಂಡ. ಯಾಕೆ ಅಂತ ನಾನು ಕೇಳಲಿಲ್ಲ.

ಮನೆ ಮುಂದೆ ಇಳಿಸಿದಾಗ ಅಜ್ಜಿ ಹೊಸಲ ಮೇಲೆ ಕೂತಿದ್ದಳು. "ಏನಿತ್ತೋ ಇದರಲ್ಲಿ?"

"ವಿನೆಗರ್ ಅಜ್ಜಿ, ಹೋಟೆಲಿನವರದ್ದು" ಅಂದೆ.

ಅಪ್ಪ ಹಗ್ಗ ಬಿಚ್ಚುತ್ತಾ, ನನ್ನ ಕಡೆ ನೋಡದೆ, "ಅವಳಿಗೂ ಮೂಗೈತೆ" ಅಂದ.

ಅಜ್ಜಿ ಎದ್ದು ಬಂದಳು. ತೂತಿನ ಹತ್ತಿರ ಬಗ್ಗಿದಳು. ತಕ್ಷಣ ನೆಟ್ಟಗಾಗಿ ನನ್ನ ಮುಖ ನೋಡಿದಳು.

"ಕುಡಿದ್ಯಾ?"

"ಹೂಂ. ಒಂದು ಗ್ಲಾಸು. ಮೊನ್ನೆ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಗಲ್ಲ ಹಿಡಿದು ಬಿಸಿಲಿನ ಕಡೆ ತಿರುಗಿಸಿದಳು. ಕೈ ಎತ್ತಿ ನನ್ನ ಕಣ್ಣ ಮುಂದೆ ಬೆರಳು ಹಿಡಿದಳು.

"ಎಷ್ಟು?"

"ಮೂರು ಅಜ್ಜಿ."

ಬೆರಳು ಬದಲಾಯಿಸಿದಳು.

"ಈಗ?"